ಐದು ಹಾಳೆ, ಒಂದು ಪ್ರಶ್ನೆ: ಒಂದು ವಿದ್ಯಾರ್ಥಿ ತಂಡದ ಪ್ರಕರಣ ಅಧ್ಯಯನ

ಮೊದಲ ಸಭೆ ಇಪ್ಪತ್ತೇ ನಿಮಿಷಗಳಲ್ಲಿ ಮುಗಿಯಿತು. ಐವರು ವಿದ್ಯಾರ್ಥಿಗಳು ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರು, ಎಲ್ಲರೂ ತಲೆಯಾಡಿಸಿದರು, "ಪ್ರಶ್ನೆ ಸಿಕ್ಕಿತು ಮೇಡಂ" ಎಂದು ಎದ್ದು ನಿಂತರು. ವಾಕ್ಯ ಹೀಗಿತ್ತು: "ಗದ್ದಲವು ವಿದ್ಯಾರ್ಥಿಗಳ ಓದಿನ ಮೇಲೆ ಯಾವ ಪರಿಣಾಮ ಬೀರುತ್ತದೆ?" ಬೇರೆ ತಂಡಗಳು ವಿಷಯವನ್ನೇ ಆರಿಸಲಾರದೆ ಒದ್ದಾಡುತ್ತಿದ್ದ ಹೊತ್ತಿನಲ್ಲಿ ಇವರು ಇಷ್ಟು ಬೇಗ ಒಪ್ಪಿಕೊಂಡದ್ದು ನನಗೂ ಸಮಾಧಾನ ತಂದಿತು. ಆ ಒಪ್ಪಿಗೆ ಒಪ್ಪಿಗೆಯೇ ಆಗಿರಲಿಲ್ಲ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಅದನ್ನು ಸರಿಪಡಿಸಲು ಇನ್ನೂ ನಾಲ್ಕು ವಾರ.

ವಿದ್ಯಾರ್ಥಿ ತಂಡಗಳಿಗೆ ಮಾರ್ಗದರ್ಶನ ಮಾಡುವ ಇತರರಿಗೆ ಉಪಯೋಗವಾಗಲಿ ಎಂದು ಇದನ್ನು ದಾಖಲಿಸುತ್ತಿದ್ದೇನೆ. ಯಾರ ಗುರುತೂ ತಿಳಿಯದಂತೆ ಹೆಸರು, ಸಂಸ್ಥೆ ಮತ್ತು ಕೆಲವು ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ನಿರ್ಧಾರಗಳು ನಡೆದ ಕ್ರಮವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಪದವಿಯ ಕೊನೆಯ ವರ್ಷದ ಯೋಜನೆ ಅದು. ಅವಧಿ ಹದಿನಾರು ವಾರ. ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಒಂದೇ ತಂಡದಲ್ಲಿರಬೇಕು ಎಂಬುದು ನಿಯಮ. ಈ ತಂಡದಲ್ಲಿ ಭೌತಶಾಸ್ತ್ರ ಮತ್ತು ಸಮಾಜಶಾಸ್ತ್ರದ ಇಬ್ಬರು ಹುಡುಗರು. ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ ಮತ್ತು ಗ್ರಂಥಾಲಯ ವಿಜ್ಞಾನದ ಮೂವರು ಹುಡುಗಿಯರು. ಅವರವರ ವಿಭಾಗದ ಹೆಸರಿನಿಂದಲೇ ಇಲ್ಲಿ ಅವರನ್ನು ಕರೆಯುತ್ತೇನೆ. ಮೂರನೆಯ ವಾರದ ಕೊನೆಗೆ ಸಂಶೋಧನಾ ಪ್ರಶ್ನೆಯನ್ನು ಬರೆದು ಒಪ್ಪಿಸಬೇಕಿತ್ತು. ಗ್ರಂಥಾಲಯದ ಓದುವ ಕೊಠಡಿಯಲ್ಲಿ ಗದ್ದಲ ಹೆಚ್ಚು ಎಂಬ ದೂರು ಮೊದಲಿನಿಂದಲೂ ಇತ್ತು. ವಿಷಯ ಬಂದದ್ದು ಅಲ್ಲಿಂದ.

ಐವರಲ್ಲಿ ನಾಲ್ವರು ಚೆನ್ನಾಗಿ ಮಾತನಾಡುವವರು. ಗ್ರಂಥಾಲಯ ವಿಜ್ಞಾನದ ಹುಡುಗಿ ಮಾತ್ರ ಸಭೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮೊದಲ ಎರಡು ವಾರ ನಾನು ಇದನ್ನು ಅವಳ ಸ್ವಭಾವ ಎಂದುಕೊಂಡು ಸುಮ್ಮನಿದ್ದೆ.

ಒಡಕು ಕಂಡ ದಿನ

ಎರಡನೆಯ ವಾರ ತಂಡದ ಹಂಚಿಕೆಯ ಕಡತವನ್ನು ತೆರೆದು ನೋಡಿದೆ. ಭೌತಶಾಸ್ತ್ರದವನು ಶಬ್ದಮಾಪಕ ಎರವಲು ಪಡೆಯಲು ಅರ್ಜಿ ಬರೆದಿದ್ದ. ಸಮಾಜಶಾಸ್ತ್ರದವನು ನಲವತ್ತು ಪ್ರಶ್ನೆಗಳ ಪ್ರಶ್ನಾವಳಿಯ ಕರಡು ಹಾಕಿದ್ದ. ಮನಶ್ಶಾಸ್ತ್ರದವಳು ಸ್ಮರಣಶಕ್ತಿಯ ಪರೀಕ್ಷೆಗಳ ಪಟ್ಟಿ ಮಾಡಿದ್ದಳು. ಸಂಖ್ಯಾಶಾಸ್ತ್ರದವಳು ಪರೀಕ್ಷೆಯ ಅಂಕಗಳ ದತ್ತಾಂಶ ಸಿಗುತ್ತದೆಯೇ ಎಂದು ಕೇಳಿದ್ದಳು. ಎಲ್ಲರೂ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದರು. ಆದರೆ ಆ ಕೆಲಸಗಳು ಒಂದಕ್ಕೊಂದು ಎಲ್ಲಿಯೂ ಕೂಡುತ್ತಿರಲಿಲ್ಲ.

ಮರುದಿನ ಐವರನ್ನೂ ಕೂರಿಸಿ ತಲಾ ಒಂದು ಖಾಲಿ ಹಾಳೆ ಕೊಟ್ಟೆ. "ಹದಿನಾರನೆಯ ವಾರದಲ್ಲಿ ನೀವು ತೋರಿಸುವ ಮುಖ್ಯ ಗ್ರಾಫನ್ನು ಅಥವಾ ಕೋಷ್ಟಕವನ್ನು ಈಗಲೇ ಬರೆಯಿರಿ. ಅಂಕಿಗಳು ಬೇಡ. ಅಡ್ಡ ಅಕ್ಷದಲ್ಲಿ ಏನಿದೆ, ಲಂಬ ಅಕ್ಷದಲ್ಲಿ ಏನಿದೆ, ಒಂದೊಂದು ಚುಕ್ಕಿ ಯಾವುದನ್ನು ಸೂಚಿಸುತ್ತದೆ ಎಂಬುದಷ್ಟು ಸಾಕು. ಪಕ್ಕದವರ ಹಾಳೆ ನೋಡಬೇಡಿ, ಹತ್ತು ನಿಮಿಷ ಮಾತನಾಡಬೇಡಿ" ಎಂದೆ.

ಹತ್ತು ನಿಮಿಷದ ನಂತರ ಐದು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆವು. ಭೌತಶಾಸ್ತ್ರದವನ ಹಾಳೆಯಲ್ಲಿ ಗ್ರಾಫೇ ಇರಲಿಲ್ಲ, ಓದುವ ಕೊಠಡಿಯ ನಕ್ಷೆಯಿತ್ತು: ಮೇಜುಗಳ ಸಾಲು, ಬಾಗಿಲು, ಕಿಟಕಿ, ಅಲ್ಲಲ್ಲಿ ಡೆಸಿಬೆಲ್ ಬರೆಯಲು ಪುಟ್ಟ ವೃತ್ತಗಳು. ಅವನ ಪ್ರತಿ ಚುಕ್ಕಿಯೂ ಒಂದು ಜಾಗ. ಸಮಾಜಶಾಸ್ತ್ರದವನ ಹಾಳೆಯಲ್ಲಿ ಸ್ತಂಭಾಕೃತಿ. ಯಾವ ಬಗೆಯ ವಿದ್ಯಾರ್ಥಿಗಳಿಗೆ ಗದ್ದಲ ಎಷ್ಟು ಕಿರಿಕಿರಿ ಎಂಬ ಅಭಿಪ್ರಾಯ. ಅವನ ಚುಕ್ಕಿ ಒಂದು ಉತ್ತರಪತ್ರ. ಮನಶ್ಶಾಸ್ತ್ರದವಳು ಎರಡು ಸ್ತಂಭ ಎಳೆದಿದ್ದಳು: ನಿಶ್ಶಬ್ದ ಮತ್ತು ಗದ್ದಲ; ಎತ್ತರ ನೆನಪಿಟ್ಟುಕೊಂಡ ಪದಗಳ ಸಂಖ್ಯೆ. ಸಂಖ್ಯಾಶಾಸ್ತ್ರದವಳು ಅಡ್ಡಲಾಗಿ ಗ್ರಂಥಾಲಯದಲ್ಲಿ ಕಳೆದ ಗಂಟೆಗಳನ್ನೂ ಲಂಬವಾಗಿ ಪರೀಕ್ಷೆಯ ಅಂಕಗಳನ್ನೂ ಬರೆದಿದ್ದಳು. ಗದ್ದಲದ ಅಳತೆ ಅವಳ ಗ್ರಾಫಿನಲ್ಲಿ ಎಲ್ಲಿಯೂ ಇರಲಿಲ್ಲ. ಐದನೆಯ ಹಾಳೆಯಲ್ಲಿ ಅಡ್ಡ ಅಕ್ಷ ಸಮಯ, ಲಂಬ ಅಕ್ಷ "ಎದ್ದು ಹೋದವರು". ಅದನ್ನು ಬರೆದಿದ್ದವಳು ಗ್ರಂಥಾಲಯ ವಿಜ್ಞಾನದ ಹುಡುಗಿ. ಆ ಹಾಳೆಯ ಮೇಲೆ ಆ ದಿನ ಯಾರೂ ಹೆಚ್ಚು ಹೊತ್ತು ಕಣ್ಣು ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಕೊಠಡಿಯಲ್ಲಿ ಸ್ವಲ್ಪ ಹೊತ್ತು ಮೌನವಿತ್ತು. ಬೋರ್ಡಿನ ಮೇಲಿನ ವಾಕ್ಯದಲ್ಲಿದ್ದ ಮೂರು ಪದಗಳೂ, ಅಂದರೆ ಗದ್ದಲ, ಓದು, ಪರಿಣಾಮ, ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಟ್ಟಿದ್ದವು. "ಓದು" ಒಬ್ಬಳಿಗೆ ಅಂಕ, ಇನ್ನೊಬ್ಬಳಿಗೆ ನೆನಪು, ಮತ್ತೊಬ್ಬನಿಗೆ ಮನಸ್ಥಿತಿ. ಪದಗಳು ಎಷ್ಟು ಸಡಿಲವಾಗಿದ್ದವೆಂದರೆ ಯಾರೂ ಯಾವುದನ್ನೂ ಬಿಟ್ಟುಕೊಡದೆ ಒಪ್ಪಿಕೊಳ್ಳಬಹುದಿತ್ತು. ಹಾಗೆಯೇ ಒಪ್ಪಿಕೊಂಡಿದ್ದರು.

ಅಂಕ ಹಾಕಿದೆವು, ಮತ ಹಾಕಿದೆವು

ಇಲ್ಲಿಂದ ನಾನು ಮಾಡಿದ ಎರಡು ಪ್ರಯತ್ನಗಳು ವಿಫಲವಾದವು. ಎರಡೂ ಮೇಲ್ನೋಟಕ್ಕೆ ನ್ಯಾಯವಾದ ದಾರಿಗಳೇ. ಅವು ಏಕೆ ಕೆಲಸ ಮಾಡಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು ಒರೆಗಲ್ಲುಗಳ ದಾರಿ. ವೈದ್ಯಕೀಯ ಸಂಶೋಧನೆಯ ಬೋಧನೆಯಿಂದ ಬಂದು ಈಗ ಎಲ್ಲೆಡೆ ಬಳಕೆಯಲ್ಲಿರುವ 'ಫೈನರ್' ಎಂಬ ಐದು ಪರೀಕ್ಷೆಗಳಿವೆ. ಪ್ರಶ್ನೆ ಮಾಡಲು ಸಾಧ್ಯವಾದದ್ದೇ, ಆಸಕ್ತಿ ಹುಟ್ಟಿಸುತ್ತದೆಯೇ, ಹೊಸತನವಿದೆಯೇ, ನೈತಿಕವಾಗಿ ಸರಿಯೇ, ಪ್ರಸ್ತುತವೇ ಎಂದು ಅವು ಕೇಳುತ್ತವೆ. ಹಾಳೆಗಳಿಂದ ಮೂರು ಪ್ರಶ್ನೆಗಳನ್ನು ಹೊರತೆಗೆದು ಒಂದೊಂದಕ್ಕೂ ಐದರಲ್ಲಿ ಅಂಕ ಕೊಡಿ ಎಂದೆ. ಡೆಸಿಬೆಲ್ ನಕ್ಷೆ, ಅಭಿಪ್ರಾಯ ಸಮೀಕ್ಷೆ, ಸ್ಮರಣೆಯ ಪ್ರಯೋಗ ಎಂದು ಅವುಗಳಿಗೆ ಹೆಸರಿಟ್ಟೆವು. ಸಂಖ್ಯಾಶಾಸ್ತ್ರದವಳ ಪ್ರಶ್ನೆ ಮೊದಲೇ ಬಿದ್ದುಹೋಗಿತ್ತು. ಇತರರ ಪರೀಕ್ಷಾ ಅಂಕಗಳನ್ನು ಅವರ ಒಪ್ಪಿಗೆಯಿಲ್ಲದೆ ಪಡೆಯಬಾರದು ಎಂಬುದನ್ನು ಅವಳೇ ಒಪ್ಪಿಕೊಂಡಿದ್ದಳು. ಐದನೆಯ ಹಾಳೆಯನ್ನು ನಕ್ಷೆಯ ಜೊತೆ ಸೇರಿಸಿಬಿಟ್ಟೆವು.

ಅಂಕಗಳು ಬಂದಾಗ ನಕ್ಷೆಯ ಪರವಾಗಿದ್ದವನು ನಕ್ಷೆಗೆ ಎಲ್ಲದರಲ್ಲೂ ನಾಲ್ಕು, ಐದು ಕೊಟ್ಟಿದ್ದ. ಸಮೀಕ್ಷೆಯವನು ಸಮೀಕ್ಷೆಗೆ, ಪ್ರಯೋಗದವಳು ಪ್ರಯೋಗಕ್ಕೆ. ಯಾರೂ ಮೋಸ ಮಾಡಿರಲಿಲ್ಲ. ತನ್ನ ಪ್ರಶ್ನೆಯನ್ನು ಹೇಗೆ ಮಾಡಿ ಮುಗಿಸಬಹುದು ಎಂದು ಒಬ್ಬೊಬ್ಬರೂ ಒಂದು ವಾರ ಯೋಚಿಸಿದ್ದರು. ಆದ್ದರಿಂದ ಅದು ಅವರಿಗೆ ಸುಲಭವಾಗಿಯೇ ಕಂಡಿತು. ಪ್ರಶ್ನೆಯ ಒಡೆಯರ ಕೈಗೇ ತಕ್ಕಡಿ ಕೊಟ್ಟರೆ ಒರೆಗಲ್ಲಿನಿಂದ ಪ್ರಯೋಜನವಿಲ್ಲ ಎಂದು ಅಂದು ಕಲಿತೆ. ಈಗ ನಾನು ಒಬ್ಬರ ಪ್ರಶ್ನೆಗೆ ಮತ್ತೊಬ್ಬರಿಂದ ಅಂಕ ಹಾಕಿಸುತ್ತೇನೆ, ಅಂಕ ಹಾಕಿದವರೇ ಆ ಪ್ರಶ್ನೆಯ ಪರವಾಗಿ ಎರಡು ನಿಮಿಷ ವಾದಿಸಬೇಕು ಎನ್ನುತ್ತೇನೆ.

ಎರಡನೆಯದು ಮತದಾನ. ಮೂರು ಪ್ರಶ್ನೆಗಳು, ಐದು ಮತ. ಎರಡೆರಡನ್ನು ಎದುರುಬದುರು ನಿಲ್ಲಿಸಿ ಗೆದ್ದದ್ದನ್ನು ಉಳಿಸಿಕೊಳ್ಳೋಣ ಎಂದು ಅವರೇ ತೀರ್ಮಾನಿಸಿದರು. ಮೊದಲು ಪ್ರಯೋಗ ಮತ್ತು ನಕ್ಷೆ: ಮೂರಕ್ಕೆ ಎರಡರಿಂದ ಪ್ರಯೋಗ ಗೆದ್ದಿತು. ನಂತರ ಪ್ರಯೋಗ ಮತ್ತು ಸಮೀಕ್ಷೆ: ಮೂರಕ್ಕೆ ಎರಡರಿಂದ ಸಮೀಕ್ಷೆ ಗೆದ್ದಿತು. ಸಮಾಜಶಾಸ್ತ್ರದವನ ಮುಖ ಅರಳಿತು. ಆಗ ಭೌತಶಾಸ್ತ್ರದವನು, "ಸಮೀಕ್ಷೆಯನ್ನು ನಕ್ಷೆಯ ಎದುರು ನಿಲ್ಲಿಸಿಯೇ ಇಲ್ಲವಲ್ಲ" ಎಂದ. ನಿಲ್ಲಿಸಿದರು. ನಾಲ್ಕಕ್ಕೆ ಒಂದರಿಂದ ನಕ್ಷೆ ಗೆದ್ದಿತು. ಅಂದರೆ ನಕ್ಷೆಯನ್ನು ಸೋಲಿಸಿದ ಪ್ರಯೋಗವನ್ನು ಸೋಲಿಸಿದ ಸಮೀಕ್ಷೆಯನ್ನು ನಕ್ಷೆಯೇ ಸೋಲಿಸಿತ್ತು.

ಸಂಖ್ಯಾಶಾಸ್ತ್ರದವಳು ಎದ್ದು ಬೋರ್ಡಿನ ಬಳಿ ಹೋಗಿ ಐವರ ಆದ್ಯತೆಗಳನ್ನು ಬರೆದು ತೋರಿಸಿದಳು. ಅವಳಿಗೂ ಮನಶ್ಶಾಸ್ತ್ರದವಳಿಗೂ ಕ್ರಮ ಪ್ರಯೋಗ, ನಕ್ಷೆ, ಸಮೀಕ್ಷೆ. ಇನ್ನಿಬ್ಬರಿಗೆ ನಕ್ಷೆ, ಸಮೀಕ್ಷೆ, ಪ್ರಯೋಗ. ಉಳಿದ ಒಬ್ಬನಿಗೆ ಸಮೀಕ್ಷೆ, ಪ್ರಯೋಗ, ನಕ್ಷೆ. ಹೀಗಿದ್ದಾಗ ಬಹುಮತ ಸುತ್ತುತ್ತಲೇ ಇರುತ್ತದೆ, ಯಾವ ಜೋಡಿಗೆ ಮೊದಲು ಮತ ಹಾಕುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. ಫ್ರೆಂಚ್ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ತೋರಿಸಿದ ವಿರೋಧಾಭಾಸ ಇದು. ಪಾಠದಲ್ಲಿ ಓದಿದ್ದು ತನ್ನ ಕಣ್ಣೆದುರೇ ನಡೆದದ್ದಕ್ಕೆ ಅವಳಿಗೆ ಸಂತೋಷವಾಗಿತ್ತು. ಉಳಿದವರು ದಣಿದಿದ್ದರು. "ಹಾಗಾದರೆ ಯಾರು ಮೊದಲು ಸುಸ್ತಾಗುತ್ತಾರೋ ಅವರು ಸೋತಂತೆ" ಎಂದು ಸಮಾಜಶಾಸ್ತ್ರದವನು ಬೇಸರದಿಂದ ಹೇಳಿದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ನಾನು ಮಾಡಿದ ತಪ್ಪು

ಮೂರನೆಯ ವಾರ ಮುಗಿಯುತ್ತಿತ್ತು. ಪ್ರಶ್ನೆ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಮೂರನ್ನೂ ಹೊಲಿದು ನಾನೇ ಒಂದು ಪ್ರಶ್ನೆ ಬರೆದುಕೊಟ್ಟೆ: ಕೊಠಡಿಯ ಬೇರೆ ಬೇರೆ ಜಾಗಗಳ ಡೆಸಿಬೆಲ್ ಮಟ್ಟ, ಅಲ್ಲಿ ಕುಳಿತವರ ಅಭಿಪ್ರಾಯ ಮತ್ತು ಅವರ ಸ್ಮರಣೆಯ ಅಂಕ, ಈ ಮೂರರ ನಡುವೆ ಯಾವ ಸಂಬಂಧವಿದೆ? ಎಲ್ಲರಿಗೂ ಪಾಲು ಸಿಕ್ಕಿತ್ತು. ಎಲ್ಲರೂ "ಚೆನ್ನಾಗಿದೆ ಮೇಡಂ" ಎಂದರು. ಒಪ್ಪಿಸಿಯೂ ಆಯಿತು.

ಮುಂದಿನ ಒಂಬತ್ತು ದಿನ ಏನೂ ನಡೆಯಲಿಲ್ಲ. ಕಡತದಲ್ಲಿ ಒಂದು ಸಾಲೂ ಸೇರಲಿಲ್ಲ. ಕರೆದು ಕೇಳಿದರೆ ಪರೀಕ್ಷೆ, ಜ್ವರ, ಸಮಯವಿಲ್ಲ ಎಂಬ ಉತ್ತರಗಳು. ಹತ್ತನೆಯ ದಿನ ಮನಶ್ಶಾಸ್ತ್ರದವಳು ಒಬ್ಬಳೇ ಬಂದು ಕುಳಿತಳು. "ಮೇಡಂ, ತಪ್ಪು ತಿಳಿಯಬೇಡಿ. ಅದು ನಿಮ್ಮ ಪ್ರಶ್ನೆ. ಏನಾದರೂ ತೋಚದಿದ್ದರೆ ನಿಮ್ಮನ್ನೇ ಕೇಳಬೇಕು, ನಮಗೆ ಉತ್ತರ ಹೇಗಿರಬೇಕು ಅಂತಲೇ ಗೊತ್ತಿಲ್ಲ" ಎಂದಳು.

ಅವಳು ಹೇಳಿದ್ದು ಸತ್ಯ. ನಾನು ಕೊಟ್ಟ ಪ್ರಶ್ನೆಯ ಗ್ರಾಫನ್ನು ಬರೆಯಲು ಅಂದು ಸಂಜೆ ಕುಳಿತೆ. ನನಗೂ ಬರೆಯಲಾಗಲಿಲ್ಲ. ಮೂರು ಅಳತೆಗಳನ್ನು ಒಂದು ವಾಕ್ಯದಲ್ಲಿ ಪೋಣಿಸಿದ್ದೆ, ಆದರೆ ಯಾವುದು ಯಾವುದನ್ನು ವಿವರಿಸುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಜಗಳ ನಿಲ್ಲಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಗುರುವಿನ ಮಾತಿಗೆ ವಿದ್ಯಾರ್ಥಿಗಳು ತಲೆಬಾಗುವುದು ಸುಲಭ. ಹಾಗೆ ತಲೆಬಾಗಿದ್ದನ್ನೇ ನಾನು ಒಮ್ಮತ ಎಂದು ಎಣಿಸಿದ್ದೆ. ಈ ಪ್ರಕರಣದಲ್ಲಿ ಕಳೆದುಹೋದ ಸಮಯದಲ್ಲಿ ಹೆಚ್ಚಿನದು ಈ ಒಂದು ನಿರ್ಧಾರದಿಂದ ಕಳೆದುಹೋಯಿತು.

ಮರುದಿನ ತಂಡದ ಮುಂದೆ ಅದನ್ನೇ ಹೇಳಿದೆ. ಆ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ವಿಭಾಗದಿಂದ ಎರಡು ವಾರದ ಅವಧಿ ಕೇಳುತ್ತೇನೆ, ಅಲ್ಲಿಯವರೆಗೆ ಯಾರೂ ಯಾವ ಪ್ರಶ್ನೆಯನ್ನೂ ಸಮರ್ಥಿಸಬೇಕಾಗಿಲ್ಲ ಎಂದೆ. ಅವರ ಭುಜಗಳು ಸಡಿಲಗೊಂಡದ್ದು ಕಣ್ಣಿಗೆ ಕಾಣಿಸಿತು.

ಓದುವ ಕೊಠಡಿಯಲ್ಲಿ ಎರಡು ಗಂಟೆ

ನಾಲ್ಕು ವಾರ ಗದ್ದಲದ ಬಗ್ಗೆ ಚರ್ಚಿಸಿದ್ದೆವು. ಆ ಕೊಠಡಿಗೆ ತಂಡವಾಗಿ ಒಮ್ಮೆಯೂ ಹೋಗಿರಲಿಲ್ಲ. ಐದನೆಯ ವಾರದ ಒಂದು ಮಧ್ಯಾಹ್ನ ಐವರೂ ಐದು ಬೇರೆ ಬೇರೆ ಮೇಜುಗಳಲ್ಲಿ ಎರಡು ಗಂಟೆ ಕೂರಬೇಕು ಎಂದು ಗೊತ್ತುಮಾಡಿದೆವು. ಐದು ನಿಮಿಷಕ್ಕೊಮ್ಮೆ ಏನು ಕೇಳಿಸುತ್ತಿದೆ, ಯಾರು ಏನು ಮಾಡುತ್ತಿದ್ದಾರೆ ಎಂದು ಬರೆಯಬೇಕು, ಯಾರ ಹೆಸರನ್ನೂ, ಯಾರ ಮಾತನ್ನೂ ದಾಖಲಿಸಬಾರದು, ತಮ್ಮತಮ್ಮಲ್ಲಿ ಮಾತನಾಡಬಾರದು. ಭೌತಶಾಸ್ತ್ರದವನು ಮಾತ್ರ ನಡುನಡುವೆ ಎದ್ದು ಶಬ್ದಮಾಪಕ ಹಿಡಿದು ಮೇಜಿನಿಂದ ಮೇಜಿಗೆ ಓಡಾಡಿ ಅಂಕಿ ಬರೆದುಕೊಳ್ಳುತ್ತಾನೆ.

ಸಂಜೆ ಸಭೆ ಸೇರಿದಾಗ ನಿಯಮವೊಂದನ್ನು ಹಾಕಿದೆ: ಮೊದಲು ಮಾತನಾಡುವವರು ಇದುವರೆಗೆ ಅತಿ ಕಡಿಮೆ ಮಾತನಾಡಿದವರು. ಗ್ರಂಥಾಲಯ ವಿಜ್ಞಾನದ ಹುಡುಗಿ ತನ್ನ ಪುಸ್ತಕ ತೆರೆದು ಓದಿದಳು. ದೊಡ್ಡ ಫ್ಯಾನಿನ ಕೆಳಗಿನ ಮೇಜಿನಲ್ಲಿ ಆರು ಮಂದಿ ಇದ್ದರು, ಎರಡು ಗಂಟೆಯಲ್ಲಿ ಒಬ್ಬರೂ ಏಳಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರು ಮೆಲ್ಲಗೆ ಮಾತನಾಡತೊಡಗಿದರು. ಹತ್ತು ನಿಮಿಷದೊಳಗೆ ಅದೇ ಮೇಜಿನ ಮೂವರು ಪುಸ್ತಕ ಎತ್ತಿಕೊಂಡು ಬೇರೆ ಕಡೆ ಹೋದರು. ಅವರಲ್ಲಿ ಇಬ್ಬರು ಹೋಗಿ ಕುಳಿತದ್ದು ಫ್ಯಾನಿನ ಕೆಳಗೆ.

"ಆ ಹೊತ್ತಿಗೆ ಕಿಟಕಿಯ ಹತ್ತಿರ ಎಷ್ಟಿತ್ತು?" ಎಂದು ಸಂಖ್ಯಾಶಾಸ್ತ್ರದವಳು ಕೇಳಿದಳು.

ಭೌತಶಾಸ್ತ್ರದವನು ಪುಟ ತಿರುಗಿಸಿದ. ಫ್ಯಾನಿನ ಕೆಳಗೆ 54 ಡೆಸಿಬೆಲ್. ಕಿಟಕಿಯ ಪಕ್ಕದಲ್ಲಿ 48. ಅವನು ಮತ್ತೊಮ್ಮೆ ಸಮಯ ಹೋಲಿಸಿ ನೋಡಿದ. ಜನ ಕಡಿಮೆ ಸದ್ದಿನ ಜಾಗವನ್ನು ಬಿಟ್ಟು ಹೆಚ್ಚು ಸದ್ದಿನ ಜಾಗಕ್ಕೆ ಹೋಗಿದ್ದರು. "ಹಾಗಾದರೆ ನನ್ನ ನಕ್ಷೆ ಏನು ಹೇಳುತ್ತಿತ್ತು?" ಎಂದು ತನ್ನನ್ನೇ ಕೇಳಿಕೊಂಡ.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ತನ್ನ ಪ್ರಶ್ನೆಯನ್ನು ಬಿಟ್ಟುಕೊಡು ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನ ಅಳತೆಯೇ ಅವನ ಮುಂದೆ ಹೊಸ ಪ್ರಶ್ನೆಯಿಟ್ಟಿತ್ತು. ಎರಡನೆಯ ವಾರದಲ್ಲಿ ಪಕ್ಕಕ್ಕೆ ಸರಿಸಿದ್ದ "ಎದ್ದು ಹೋದವರು" ಎಂಬ ಹಾಳೆಯನ್ನು ಕಡತದಿಂದ ಹುಡುಕಿ ತೆಗೆದು ಮೇಜಿನ ನಡುವೆ ಇಟ್ಟವನೂ ಅವನೇ.

ಪ್ರಶ್ನೆಯನ್ನು ಕೆತ್ತಿದ್ದು

ಮುಂದಿನ ನಾಲ್ಕು ದಿನ ತಂಡ ಹಿಂದೆಂದೂ ಮಾಡದಷ್ಟು ಓದಿತು. ಮನಶ್ಶಾಸ್ತ್ರದವಳು ಹಿಂದಿನ ಅಧ್ಯಯನಗಳನ್ನು ಹುಡುಕಿ ತಂದಳು. ಕೇಳಬೇಕಿಲ್ಲದ ಮಾತು ಕಿವಿಗೆ ಬಿದ್ದಾಗ ಅಂಕಿಗಳ ಸರಣಿಯನ್ನು ನೆನಪಿಡುವುದು ಕಷ್ಟವಾಗುತ್ತದೆ ಎಂಬುದು 1970ರ ದಶಕದಿಂದಲೇ ತಿಳಿದಿರುವ ಸಂಗತಿ. ಸಾಧಾರಣ ವ್ಯಾಪ್ತಿಯೊಳಗೆ ಮಾತು ಎಷ್ಟು ಜೋರಾಗಿದೆ ಎಂಬುದು ಅಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಗೊತ್ತಿಲ್ಲದ ಭಾಷೆಯ ಮಾತೂ ಕಾಡುತ್ತದೆ. ಒಂದೇ ಸಮನೆ ಹರಿಯುವ ಸದ್ದಿಗಿಂತ ಕ್ಷಣಕ್ಷಣಕ್ಕೆ ಬದಲಾಗುವ ಸದ್ದು ಹೆಚ್ಚು ತೊಂದರೆ ಕೊಡುತ್ತದೆ.

ಇದನ್ನು ಓದಿ ತಂಡ ಕುಗ್ಗಿತು. "ಎಲ್ಲವೂ ಆಗಲೇ ಗೊತ್ತಿದೆಯಲ್ಲ" ಎಂದು ಸಮಾಜಶಾಸ್ತ್ರದವನು ಕೈಚೆಲ್ಲಿದ. ಒಳ್ಳೆಯ ಪ್ರಶ್ನೆಯ ಹತ್ತಿರ ಬಂದ ತಂಡಗಳು ವಾಪಸ್ ಹೋಗಿಬಿಡುವುದು ಹೆಚ್ಚಾಗಿ ಈ ಹಂತದಲ್ಲೇ ಎಂಬುದು ನನ್ನ ಅನುಭವ. ಇಲ್ಲಿ ಮಾರ್ಗದರ್ಶಕರು ಕೇಳಬಹುದಾದ ಒಂದು ಪ್ರಶ್ನೆಯಿದೆ: ಅವರು ಅಳೆದದ್ದು ಯಾವ ಕೆಲಸವನ್ನು, ನೀವು ನೋಡಿದ್ದು ಯಾವ ಕೆಲಸವನ್ನು? ಕೊಠಡಿಯಲ್ಲಿ ಯಾರೂ ಅಂಕಿಗಳ ಸರಣಿಯನ್ನು ಬಾಯಿಪಾಠ ಮಾಡುತ್ತಿರಲಿಲ್ಲ. ಪಠ್ಯ ಓದಿ ಅರ್ಥಮಾಡಿಕೊಳ್ಳುತ್ತಿದ್ದರು. ಅರ್ಥಗ್ರಹಣದ ಮೇಲೆ ನಡೆದ 1980ರ ದಶಕದ ಕೆಲವು ಪ್ರಯೋಗಗಳಲ್ಲಿ, ಅರ್ಥವಾಗುವ ಮಾತು ಹೆಚ್ಚು ಅಡ್ಡಿಮಾಡುತ್ತದೆ ಎಂದು ಕಂಡುಬಂದಿತ್ತು. ಅಂದರೆ ಕೆಲಸ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ತಾವು ಕಣ್ಣಾರೆ ಕಂಡದ್ದು ಈ ಎರಡರಲ್ಲಿ ಯಾವುದರ ಕಡೆಗೆ ವಾಲುತ್ತದೆ ಎಂದು ಪರೀಕ್ಷಿಸಲು ಅವರಿಗೆ ಜಾಗವಿತ್ತು.

ನಂತರ ವಾಕ್ಯವನ್ನು ಕೆತ್ತಲು ಕುಳಿತೆವು. ಪ್ರತಿ ಕರಡನ್ನೂ ಬೋರ್ಡಿನ ಮೇಲೆ ಬರೆದ ಕೂಡಲೇ ಐವರೂ ತಮ್ಮತಮ್ಮ ಹಾಳೆಯಲ್ಲಿ ಗ್ರಾಫ್ ಬರೆಯಬೇಕು; ಐದೂ ಒಂದೇ ಆಗುವವರೆಗೆ ವಾಕ್ಯ ಮುಗಿದಿಲ್ಲ ಎಂಬುದು ಕರಾರು. ಮೊದಲ ಕರಡಿನಲ್ಲಿ "ಮಾತು" ಎಂದಷ್ಟೇ ಇತ್ತು. ಮೂವರು ಅದನ್ನು ನಿಜವಾದ ಸಂಭಾಷಣೆ ಎಂದುಕೊಂಡರು, ಇಬ್ಬರು ಧ್ವನಿಮುದ್ರಣ ಎಂದುಕೊಂಡರು. ಇತರರ ಸಂಭಾಷಣೆಯನ್ನು ಅವರ ಒಪ್ಪಿಗೆಯಿಲ್ಲದೆ ಮುದ್ರಿಸುವುದು ತಪ್ಪಾದ್ದರಿಂದ, ಬರೆದ ಪಠ್ಯವನ್ನು ಒಬ್ಬರು ಓದಿ ಮುದ್ರಿಸುವುದು ಎಂದಾಯಿತು. ಎರಡನೆಯ ಕರಡಿನಲ್ಲಿ "ಒಂದೇ ಮಟ್ಟದ ಸದ್ದು" ಎಂದಿತ್ತು. ಮಾತು ಏರಿಳಿಯುತ್ತದೆ, ಫ್ಯಾನ್ ಏರಿಳಿಯುವುದಿಲ್ಲ. ಹಾಗಾದರೆ ಯಾವ ಸರಾಸರಿ? 50 ಮತ್ತು 60 ಡೆಸಿಬೆಲ್‌ಗಳ ಸರಾಸರಿ 55 ಎಂದು ನಾಲ್ವರು ಬರೆದರು. ಡೆಸಿಬೆಲ್ ಲಾಗರಿದಮ್ ಅಳತೆ, ಹತ್ತು ಹೆಚ್ಚಿದರೆ ತೀವ್ರತೆ ಹತ್ತು ಪಟ್ಟಾಗುತ್ತದೆ, ಶಕ್ತಿಯ ಲೆಕ್ಕದಲ್ಲಿ ಸರಾಸರಿ ಸುಮಾರು 57.4 ಎಂದು ಭೌತಶಾಸ್ತ್ರದವನು ಬಿಡಿಸಿ ಹೇಳಿದ. ತನ್ನ ಜ್ಞಾನ ತಂಡಕ್ಕೆ ಬೇಕಾಗಿದೆ ಎಂದು ಅವನಿಗೆ ಅನ್ನಿಸಿದ್ದು ಆಗಲೇ ಇರಬೇಕು. ಆಮೇಲೆ ಅವನು ನಕ್ಷೆಯ ಮಾತೆತ್ತಲಿಲ್ಲ.

ಆರನೆಯ ಕರಡು ನಿಂತಿತು: "ಸರಾಸರಿ ಶಬ್ದಮಟ್ಟ ಒಂದೇ ಇದ್ದಾಗ, ಗೊತ್ತಿರುವ ಭಾಷೆಯ ಮಾತು, ಗೊತ್ತಿಲ್ಲದ ಭಾಷೆಯ ಮಾತು ಮತ್ತು ಫ್ಯಾನಿನ ಸದ್ದು, ಈ ಮೂರು ಸ್ಥಿತಿಗಳಲ್ಲಿ ಪಠ್ಯವೊಂದನ್ನು ಓದಿ ಅರ್ಥಮಾಡಿಕೊಂಡ ಅಂಕಗಳು ಬೇರೆಯಾಗುತ್ತವೆಯೇ?" ಐದು ಹಾಳೆಯಲ್ಲೂ ಅಡ್ಡಲಾಗಿ ಮೂರು ಸ್ಥಿತಿ, ಲಂಬವಾಗಿ ಅಂಕ, ಪ್ರತಿ ಚುಕ್ಕಿಯೂ ಒಬ್ಬ ಓದುಗ. ಸಂಖ್ಯಾಶಾಸ್ತ್ರದವಳು ಒಬ್ಬಳು ಮಾತ್ರ ಪ್ರತಿ ಓದುಗನ ಮೂರು ಚುಕ್ಕಿಗಳನ್ನು ಗೆರೆಯಿಂದ ಜೋಡಿಸಿದ್ದಳು. ಒಬ್ಬರೇ ಮೂರೂ ಸ್ಥಿತಿಗಳಲ್ಲಿ ಓದಿದರೆ ಕಡಿಮೆ ಜನ ಸಾಕು, ಯಾವ ಸ್ಥಿತಿ ಮೊದಲು ಬಂತು ಎಂಬುದು ಅಂಕಗಳನ್ನು ವಾಲಿಸದಂತೆ ಮೂರು ಸ್ಥಿತಿಗಳನ್ನು ಆರು ಕ್ರಮಗಳಲ್ಲಿ ಜೋಡಿಸಬಹುದು, ಇಪ್ಪತ್ನಾಲ್ಕು ಮಂದಿ ಸಿಕ್ಕರೆ ಒಂದೊಂದು ಕ್ರಮಕ್ಕೆ ನಾಲ್ವರು ಎಂದು ವಿವರಿಸಿದಳು. ಉಳಿದವರೂ ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆದರು.

ಒಬ್ಬ ಹೊರಗುಳಿದ

ಸಮಾಜಶಾಸ್ತ್ರದವನ ಬಗ್ಗೆ ಮುಚ್ಚಿಡದೆ ಬರೆಯಬೇಕು. ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಯಾವ ಜಾಗ ಸಲ್ಲುತ್ತದೆ, ಗದ್ದಲ ಮಾಡುವ ಹಕ್ಕು ಯಾರಿಗಿದೆ ಎಂಬ ಅವನ ಕುತೂಹಲಕ್ಕೆ ಈ ಪ್ರಯೋಗದಲ್ಲಿ ಜಾಗವಿರಲಿಲ್ಲ. ಅದು ಒಳ್ಳೆಯ ಕುತೂಹಲ. ಕೊನೆಗೆ ನಾಲ್ಕು ಪ್ರಶ್ನೆಗಳ ಪುಟ್ಟ ಅಭಿಪ್ರಾಯಪತ್ರವನ್ನು ಪ್ರಯೋಗದ ನಂತರ ಕೊಡೋಣ ಎಂದು ಉಳಿದವರು ಹೇಳಿದರು. ಸಮಾಧಾನಪಡಿಸಲು ಹಾಗೆ ಹೇಳುತ್ತಿದ್ದಾರೆ ಎಂದು ಅವನಿಗೂ ಗೊತ್ತಿತ್ತು. "ಬೇಡ. ಪ್ರಶ್ನೆಗೆ ಸಂಬಂಧವಿಲ್ಲದ್ದನ್ನು ಸೇರಿಸಬೇಡಿ. ನನಗೆ ಈ ಪ್ರಶ್ನೆ ಇಷ್ಟವಿಲ್ಲ, ಆದರೆ ಇದು ಸರಿಯಾದ ಪ್ರಶ್ನೆ ಅಂತ ಒಪ್ಪುತ್ತೇನೆ, ಕೆಲಸ ಮಾಡುತ್ತೇನೆ" ಎಂದ.

ಮೊದಲ ದಿನದ ಇಪ್ಪತ್ತು ನಿಮಿಷದ ತಲೆಯಾಡಿಸುವಿಕೆಗಿಂತ ಈ ಮಾತು ನೂರು ಪಾಲು ಗಟ್ಟಿ. ತನಗೆ ಏನು ತಪ್ಪಿಹೋಗುತ್ತಿದೆ ಎಂದು ತಿಳಿದೇ ಅವನು ಒಪ್ಪಿದ್ದ. ಅವನ ಪ್ರಶ್ನೆಯನ್ನು 'ಬಾಕಿ ಪ್ರಶ್ನೆಗಳು' ಎಂಬ ಹೆಸರಿನ ಪುಟದಲ್ಲಿ ಅವನದೇ ಮಾತಿನಲ್ಲಿ ಬರೆಸಿ, ಅಂತಿಮ ವರದಿಯ ಕೊನೆಯ ಅಧ್ಯಾಯಕ್ಕೆ ಸೇರಿಸಿದೆವು. ಭಾಗವಹಿಸುವವರನ್ನು ಹುಡುಕುವ, ಅವರಿಗೆ ಅಧ್ಯಯನವನ್ನು ವಿವರಿಸಿ ಒಪ್ಪಿಗೆ ಪಡೆಯುವ ಕೆಲಸವನ್ನು ಅವನು ವಹಿಸಿಕೊಂಡ. ಅದನ್ನು ಅವನಷ್ಟು ಚೆನ್ನಾಗಿ ಬೇರೆ ಯಾರೂ ಮಾಡುತ್ತಿರಲಿಲ್ಲ.

ಏನಾಯಿತು

ಕೆಲಸ ಸಮಯಕ್ಕೆ ಮುಗಿಯಿತು. ಇಪ್ಪತ್ನಾಲ್ಕು ಮಂದಿ ಭಾಗವಹಿಸಿದರು. ಗೊತ್ತಿರುವ ಭಾಷೆಯ ಮಾತು ಕೇಳಿಸುತ್ತಿದ್ದಾಗ ಅಂಕಗಳು ಫ್ಯಾನಿನ ಸದ್ದಿಗಿಂತ ಕಡಿಮೆ ಬಂದವು. ಗೊತ್ತಿಲ್ಲದ ಭಾಷೆಯ ಸ್ಥಿತಿಯಲ್ಲಿ ಮಾತ್ರ ಓದುಗರಿಂದ ಓದುಗರಿಗೆ ಅಂತರ ತುಂಬ ದೊಡ್ಡದಿತ್ತು. ಇಷ್ಟು ಜನರಿಂದ ಏನೂ ಹೇಳಲಾಗದು ಎಂದು ಅವರು ವರದಿಯಲ್ಲಿ ನೇರವಾಗಿ ಬರೆದರು. ಪ್ರಶ್ನೆ ಇಷ್ಟು ಚಿಕ್ಕದೇ ಎಂದು ಪರೀಕ್ಷಕರೊಬ್ಬರು ಕೇಳಿದರು. ಗ್ರಂಥಾಲಯ ವಿಜ್ಞಾನದ ಹುಡುಗಿ ಎದ್ದು, ಓದುವ ಕೊಠಡಿಯ ಆ ಮಧ್ಯಾಹ್ನವನ್ನು ವಿವರಿಸಿ, ಮೂವರು ಏಕೆ ಎದ್ದು ಹೋದರು ಎಂಬುದಕ್ಕೆ ಈ ಪ್ರಶ್ನೆ ಹೇಗೆ ಉತ್ತರ ಹುಡುಕುತ್ತದೆ ಎಂದು ಐದು ನಿಮಿಷ ನಿರರ್ಗಳವಾಗಿ ಮಾತನಾಡಿದಳು.

ಈ ಪ್ರಕರಣದಿಂದ ನಾನು ಉಳಿಸಿಕೊಂಡದ್ದು

ತಂಡ ಒಂದು ವಾಕ್ಯವನ್ನು ಒಪ್ಪಿಕೊಂಡಿತು ಎಂದರೆ ನಾನೀಗ ನಂಬುವುದಿಲ್ಲ. ಉತ್ತರದ ಆಕಾರವನ್ನು ಒಪ್ಪಿಕೊಂಡಿದ್ದಾರೆಯೇ ಎಂದು ನೋಡುತ್ತೇನೆ. ವಿಷಯ, ಪ್ರಶ್ನೆ, ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡಬೇಕಾದ ಊಹೆ) ಇವುಗಳ ವ್ಯತ್ಯಾಸವನ್ನು ಎಷ್ಟು ಬೋಧಿಸಿದರೂ ತಲೆಗೆ ಹೋಗದವರಿಗೂ ಖಾಲಿ ಅಕ್ಷಗಳ ಮುಂದೆ ಕೂತರೆ ಅದು ತಾನಾಗಿ ತಿಳಿಯುತ್ತದೆ.

ಬರೆಯುವುದು ಒಬ್ಬೊಬ್ಬರೇ, ಮೌನವಾಗಿ, ಚರ್ಚೆ ಆಮೇಲೆ. ನಾಲ್ವರು ಒಟ್ಟಿಗೆ ಕೂತು ಆಲೋಚಿಸಿದಾಗ ಬರುವುದಕ್ಕಿಂತ, ನಾಲ್ವರು ಬೇರೆ ಬೇರೆಯಾಗಿ ಯೋಚಿಸಿ ಒಟ್ಟುಗೂಡಿಸಿದಾಗ ಹೆಚ್ಚು ವಿಚಾರಗಳು ಬರುತ್ತವೆ ಎಂದು ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು 1958ರಲ್ಲೇ ತೋರಿಸಿದೆ. ಒಬ್ಬರು ಮಾತನಾಡುವಾಗ ಉಳಿದವರು ತಮ್ಮ ಸರದಿಗೆ ಕಾಯಬೇಕಾಗುವುದು ಇದಕ್ಕೆ ಮುಖ್ಯ ಕಾರಣ ಎಂದು ನಂತರದ ಅಧ್ಯಯನಗಳು ಹೇಳಿದವು. ನಮ್ಮ ತಂಡದಲ್ಲಿ ಅತ್ಯಂತ ಬೆಲೆಬಾಳುವ ಅವಲೋಕನ ಎರಡನೆಯ ವಾರದಿಂದಲೇ ಕಾಗದದ ಮೇಲಿತ್ತು. ಅದನ್ನು ಬರೆದವಳಿಗೆ ಮೊದಲ ಸರದಿ ಕೊಡಲು ನನಗೆ ಐದು ವಾರ ಬೇಕಾಯಿತು. ಮೌನವಾಗಿರುವವರನ್ನು ಸ್ವಭಾವದ ಹೆಸರಿನಲ್ಲಿ ಬಿಟ್ಟುಬಿಡುವುದು ಮಾರ್ಗದರ್ಶಕರ ಕರ್ತವ್ಯಲೋಪ ಎಂದೇ ನಾನು ಭಾವಿಸುತ್ತೇನೆ.

ಮತದಾನ ಬೇಡವೇ ಬೇಡ ಎನ್ನುವುದಿಲ್ಲ. ಸಭೆಯ ಸಮಯ, ಕೆಲಸ ಹಂಚಿಕೆ ಇಂಥವಕ್ಕೆ ಅದು ಸಾಕು. ಪ್ರಶ್ನೆಯ ವಿಷಯದಲ್ಲಿ ಮಾತ್ರ, ಸೋತವರು ಹದಿಮೂರು ವಾರ ಆ ಪ್ರಶ್ನೆಯ ಜೊತೆ ಬದುಕಬೇಕು. ಅವರನ್ನು ಮತಗಳ ಎಣಿಕೆ ಒಪ್ಪಿಸಲಾರದು, ಕಣ್ಣಾರೆ ಕಂಡದ್ದು ಒಪ್ಪಿಸಬಹುದು. ಆದ್ದರಿಂದ ವಾದ ಗಟ್ಟಿಯಾಗುವ ಮೊದಲೇ ತಂಡವನ್ನು ಜಾಗಕ್ಕೆ ಕರೆದೊಯ್ಯುವುದು, ದತ್ತಾಂಶದ ಒಂದು ಚೂರನ್ನಾದರೂ ಮುಟ್ಟಿಸುವುದು ಒಳ್ಳೆಯದು.

ಇದರ ಮರುವರ್ಷ ನಾನು ಎಲ್ಲ ತಂಡಗಳಿಗೂ ಮೊದಲ ವಾರವೇ ಖಾಲಿ ಹಾಳೆ ಹಂಚಿದೆ. ಬಹಳಷ್ಟು ತಂಡಗಳು ಏನೂ ಬರೆಯಲಾರದೆ ಕುಳಿತವು; ನೋಡದ, ಓದದ ಸಂಗತಿಯ ಗ್ರಾಫನ್ನು ಯಾರು ತಾನೇ ಬರೆದಾರು? ಈಗ ಕ್ರಮ ಬದಲಿಸಿದ್ದೇನೆ. ಮೊದಲ ವಾರ ಜಾಗದಲ್ಲಿ ಎರಡು ಗಂಟೆ ಮತ್ತು ಒಬ್ಬೊಬ್ಬರಿಗೆ ಎರಡು ಹಳೆಯ ಅಧ್ಯಯನಗಳ ಓದು. ಎರಡನೆಯ ವಾರ ಹಾಳೆ. ಹಾಳೆಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ಮೊದಲ ಅರ್ಧ ಗಂಟೆ ನಾನು ಕೊಠಡಿಯ ಹೊರಗಿರುತ್ತೇನೆ.